ಒಣ ದನಿ

ಸಾಕ್ಷಿ ಹೇಳುವವರು ಅತ್ತರೆ ಮೈಕು ಇಳಿಸಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ನಮಗೆ ಕೆಲಸ ಕಲಿಸಿದ ಹಿರಿಯ ಹೇಳಿಕೊಟ್ಟದ್ದು. “ಮಾತು ದಾಖಲೆಗೆ, ಅಳು ಅವರವರಿಗೆ” ಅನ್ನುತ್ತಿದ್ದ ಆ ಪುಣ್ಯಾತ್ಮ. ವಿಚಾರಣಾ ಭವನದ ಮೇಲಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ ಧ್ವನಿ ನೋಡಿಕೊಳ್ಳುತ್ತಿದ್ದ ಕಿವಿಯಣ್ಣನೂ, ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ನಾನೂ ಅದನ್ನು ಚಾಚೂ ತಪ್ಪದೆ ಪಾಲಿಸಿದೆವು. ಯಾರದಾದರೂ ಗಂಟಲು ಕಟ್ಟಿತೆಂದರೆ ಅವನ ಬೆರಳು ಮಿಕ್ಸರಿನ ಫೇಡರನ್ನು, ಅಂದರೆ ದನಿ ಏರಿಸಿ ಇಳಿಸುವ ಜಾರುಗುಂಡಿಯನ್ನು, ಮೆತ್ತಗೆ ಕೆಳಗೆಳೆಯುತ್ತಿತ್ತು. ನನ್ನ ಬೆರಳು ಸಾಕ್ಷಿಯ ಮುಖ ಬಿಟ್ಟು, ಇಡೀ ಸಭಾಂಗಣ ಕಾಣುವ ಕ್ಯಾಮೆರಾದ ಗುಂಡಿ ಒತ್ತುತ್ತಿತ್ತು. ಇದಕ್ಕಾಗಿ ನಾವು ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ.

ಇಳಿಸುವುದನ್ನು ಯಾರು ಬೇಕಾದರೂ ಕಲಿಯಬಹುದು. ಕಿವಿಯಣ್ಣನ ಹೆಚ್ಚುಗಾರಿಕೆ ಇದ್ದದ್ದು ಆಮೇಲೆ ಕಾಯುವುದರಲ್ಲಿ. ಸಭಾಂಗಣಕ್ಕೆ ದನಿ ನಿಂತರೂ ಅವನ ಹೆಡ್‌ಫೋನಿಗೆ ಬರುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡು ಆ ಬಿಕ್ಕುಗಳನ್ನೆಲ್ಲ ಒಬ್ಬನೇ ಕೇಳಿಸಿಕೊಳ್ಳುತ್ತಿದ್ದ. ನಡುವೆ ಒಂದು ಮಾತು ಹುಟ್ಟುವ ಸೂಚನೆ ಸಿಕ್ಕರೆ ಸಾಕು, ಅದು ಬಾಯಿಂದ ಹೊರಬೀಳುವ ಮೊದಲೇ ಫೇಡರ್ ಮೇಲಿರುತ್ತಿತ್ತು. ಕೆಲವರು ಅಳುತ್ತ ಅಳುತ್ತಲೇ ಮಾತಾಡುತ್ತಾರೆ. ಅಂಥವರ ಮೈಕನ್ನು ಅವನು ಮುಟ್ಟುತ್ತಲೇ ಇರಲಿಲ್ಲ.

“ಅದು ಹೆಂಗೆ ಗೊತ್ತಾಗತ್ತೆ ನಿಂಗೆ?” ಅಂತ ಒಮ್ಮೆ ಕೇಳಿದ್ದೆ.

“ಅಳೋರು ಉಸಿರು ಎಳ್ಕೋತಾರೆ ತಂಗಿ, ಮಾತಾಡೋರು ಉಸಿರು ಹಿಡ್ಕೋತಾರೆ. ಅಷ್ಟೇ.”

ನನಗೆ ಎರಡೂ ಒಂದೇ ಥರ ಕೇಳಿಸುತ್ತಿದ್ದವು. ನಾನು ಕಣ್ಣಿನವಳು, ಕಿವಿಯ ಮಟ್ಟಿಗೆ ದೇವರು ನನಗೆ ಕೊಟ್ಟದ್ದು ಓಲೆ ಹಾಕಿಕೊಳ್ಳುವಷ್ಟು ಮಾತ್ರ. ಅವನಾದರೋ ಪಕ್ಕದ ಕೋಣೆಯಲ್ಲಿ ಯಾವ ದೀಪ ಗುಂಯ್‌ಗುಡುತ್ತಿದೆ ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಮನೆಯಲ್ಲಿ ಹೆಂಡತಿ ಕೂಗಿದರೆ ಮಾತ್ರ ಕೇಳಿಸುತ್ತಿರಲಿಲ್ಲ. ಆಕೆಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಗಂಡ ಅಣ್ಣ, ಹೆಂಡತಿ ಅಕ್ಕ, ಅವರ ಮಗಳಿಗೆ ನಾನು ಚಿಕ್ಕಮ್ಮ! ಯಾವ ಸಂಬಂಧದ ಲೆಕ್ಕಕ್ಕೂ ಬಾರದ ಈ ನಂಟು ಅಕ್ಕ ತೀರಿಕೊಂಡ ಮೇಲೆ ಇನ್ನೂ ಗಟ್ಟಿಯಾಯಿತು.

ಮೈಕು, ಕ್ಯಾಮೆರಾ ಎರಡನ್ನೂ ತಾನೇ ನೋಡಿಕೊಳ್ಳುವ ಯಂತ್ರ ಬಂದದ್ದು ಹೇಳಿ ಕೇಳಿಯೇ. ಅದನ್ನು ತಂದ ಕಂಪನಿಯ ಹುಡುಗ ಬೇಸಿಗೆಯಲ್ಲೂ ಟೈ ಸಡಿಲಿಸುತ್ತಿರಲಿಲ್ಲ, ನಾವು ಅವನಿಗೆ ಟೈಯಪ್ಪ ಅಂತ ಹೆಸರಿಟ್ಟೆವು. ತುಂಬ ಮರ್ಯಾದೆಯ ಹುಡುಗ. ನಮ್ಮ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಯಂತ್ರಕ್ಕೆ ತಿನ್ನಿಸಿದ. ಆಮೇಲೆ ಅದನ್ನು ನಮ್ಮ ಪಕ್ಕದಲ್ಲೇ ಇಟ್ಟು, ನಾವು ಕೆಲಸ ಮಾಡುವುದನ್ನು ಅದು ನೋಡುತ್ತಿರಲಿ ಎಂದ. ಕಿವಿಯಣ್ಣನಿಗೆ ಮೊದಮೊದಲು ಅದರ ಮೇಲೆ ಮುದ್ದೇ ಇತ್ತು.

“ನೋಡು ತಂಗಿ, ಆ ಮುದುಕಿ ಅಳ್ತಾಳೆ ಅಂತ ನಾನು ಇಳಿಸೋಕೆ ಮೊದ್ಲೇ ಅದು ಇಳಿಸ್ತು. ಕೂಸು ಚುರುಕಾಗಿದೆ.”

“ಕೂಸಂತೆ ಕೂಸು. ನಾಳೆ ನಿನ್ನ ಕುರ್ಚೀಲಿ ಕೂತ್ಕೊಳತ್ತೆ, ನೋಡ್ತಿರು.”

ಹಾಗೇ ಆಯಿತು. ಕಿವಿಯಣ್ಣನಿಗೆ ಒಂದು ಗೋಡೆ ಗಡಿಯಾರ ಕೊಟ್ಟು, ಕೈಕುಲುಕಿ ಮನೆಗೆ ಕಳಿಸಿದರು. ನನ್ನನ್ನು ಉಳಿಸಿಕೊಂಡರು, ಬೆಳಿಗ್ಗೆ ಸ್ವಿಚ್ ಹಾಕುವುದಕ್ಕೆ, ಲೆನ್ಸ್ ಒರೆಸುವುದಕ್ಕೆ, ಸಂಜೆ ಬೀಗ ಜಡಿಯುವುದಕ್ಕೆ. ಮಿಕ್ಸರಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮುಚ್ಚಳ ಕೂರಿಸಿ ನಾಲ್ಕೂ ಮೂಲೆಗೆ ತಿರುಪು ಹಾಕಿದರು. ಫೇಡರುಗಳು ಅದರೊಳಗೆ ತಾವಾಗಿಯೇ ಏರಿ ಇಳಿಯುತ್ತಿದ್ದವು. ಮೊದಲ ಕೆಲವು ದಿನ ಯಾವುದೋ ದೆವ್ವ ಬಂದು ಕೂತ ಹಾಗೆ ಕಂಡು, ನಾನು ಕುರ್ಚಿ ಅತ್ತ ಸರಿಸಿಕೊಂಡು ಕೂರುತ್ತಿದ್ದೆ. ಆಮೇಲೆ ರೂಢಿಯಾಯಿತು. ಯಾರಾದರೂ ಅತ್ತಾಗ ಅದು ಮೈಕು ಇಳಿಸಿ ಕ್ಯಾಮೆರಾ ಬೇರೆಡೆ ತಿರುಗಿಸಿದರೆ, ಪರವಾಗಿಲ್ಲ, ನಮ್ಮ ಮರ್ಯಾದೆ ಕಲಿತಿದೆ ಅಂದುಕೊಳ್ಳುತ್ತಿದ್ದೆ. ಆ ಹೊತ್ತಿನಲ್ಲಿ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಹೂವಿನ ಚಿತ್ರ ಮೂಡುತ್ತಿತ್ತು. ಅದರ ಕೆಳಗೆ “ಘನತೆ” ಅಂತ ಬರೆದಿರುತ್ತಿತ್ತು.

ಆಮೇಲೆ ಗೋದಾಮಿಗೆ ಬೆಂಕಿ ಬಿತ್ತು.

ಕಿವಿಯಣ್ಣನ ಅಳಿಯ ಆ ಗೋದಾಮಿನ ಪಾಳಿಯ ಮೇಸ್ತ್ರಿ. ಅವನೂ ಅವನ ಕೈಕೆಳಗಿನವರೂ ಹೊರಗೆ ಬರಲೇ ಇಲ್ಲ, ಹಿಂದಿನ ಬಾಗಿಲ ಬಳಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಬಾಗಿಲಿಗೆ ಬೀಗ ಬಿದ್ದಿತ್ತು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಹಾಕಿದವರು ಯಾರು ಅನ್ನುವುದೇ ಪ್ರಶ್ನೆ. ಮಾಲೀಕರು ಒಂದೇ ಮಾತು ಹಿಡಿದರು: ಕೀಲಿ ಮೇಸ್ತ್ರಿಯ ಹತ್ತಿರ ಇತ್ತು, ಅವನೇ ಒಳಗಿನಿಂದ ಬೀಗ ಹಾಕಿಕೊಂಡು ಮಲಗಿದ್ದ. ಸುಟ್ಟ ಬಾಗಿಲನ್ನು ಅವರು ಅಷ್ಟರಲ್ಲಿ ಗುಜರಿಗೆ ಹಾಕಿಯೂ ಆಗಿತ್ತು. ಸತ್ತವನು ಎದ್ದು ಬಂದು ಅಲ್ಲ ಅನ್ನುತ್ತಾನೆಯೇ? ಸತ್ತ ಬೇರೆಯವರ ಮನೆಯವರು ಕಿವಿಯಣ್ಣನ ಮಗಳನ್ನು ಬೀದಿಯಲ್ಲಿ ಕಂಡರೆ ಆಚೆ ಬದಿಗೆ ದಾಟಿಕೊಂಡು ಹೋಗತೊಡಗಿದರು. ಒಬ್ಬಾಕೆ ಅವಳ ಮನೆ ಬಾಗಿಲಿಗೇ ಬಂದು, “ನಿನ್ನ ಗಂಡನ ನಿದ್ದೆಗೆ ನನ್ನ ಮಗ ಹೋದ” ಅಂದು ಮಣ್ಣು ತೂರಿ ಹೋಗಿದ್ದಳು.

ನಿಜ ಗೊತ್ತಿದ್ದದ್ದು ಆ ಹುಡುಗಿಗೊಬ್ಬಳಿಗೇ. ಹೊಗೆಯೊಳಗಿಂದ ಗಂಡ ಅವಳಿಗೆ ಫೋನ್ ಮಾಡಿದ್ದ. “ಹಿಂದಿನ ಬಾಗಿಲಿಗೆ ಹೊರಗಿಂದ ಬೀಗ ಹಾಕಿದಾರೆ. ಮ್ಯಾನೇಜರ್‌ಗೆ ಫೋನ್ ಮಾಡ್ದೆ. ಸರಕು ಹೋಗತ್ತೆ, ತೆಗೆಯಲ್ಲ ಅಂದ.” ಅಷ್ಟು ಹೇಳಿದ್ದ, ಆಮೇಲೆ ಕೆಮ್ಮು. ಫೋನ್ ಬಂದದ್ದಕ್ಕೆ ದಾಖಲೆ ಇತ್ತು, ಮಾತಿಗೆ ಇರಲಿಲ್ಲ. ಆ ಮಾತನ್ನು ಅವಳು ವಿಚಾರಣೆಯಲ್ಲಿ ಹೇಳಬೇಕು, ಅದು ದಾಖಲಾಗಬೇಕು. ಹಾಗಾದರೆ ಮ್ಯಾನೇಜರನನ್ನು ಎಳೆದು ತರಬಹುದು. ಇಲ್ಲದಿದ್ದರೆ ಅಷ್ಟೂ ಜನರನ್ನು ಕೊಂದವನು ಅವಳ ಗಂಡ ಎಂದೇ ಕಾಯಂ ಆಗುತ್ತದೆ.

ಸಾಕ್ಷಿಗಳು ಎದುರು ಪಕ್ಷದವರ ಮುಖ ನೋಡಿ ಹೆದರದಿರಲಿ ಎಂದು ನಮ್ಮ ಭವನದಲ್ಲಿ ಅವರನ್ನು ಕೆಳಗಿನ ಸಣ್ಣ ಕೋಣೆಯೊಂದರಲ್ಲಿ ಕೂರಿಸುತ್ತಾರೆ. ಒಂದು ಮೇಜು, ಒಂದು ಮೈಕು, ಒಂದು ಕ್ಯಾಮೆರಾ, ವಿಚಾರಣೆ ನಡೆಸುವ ಅಧ್ಯಕ್ಷರ ಮುಖ ಕಾಣುವ, ಸಭಾಂಗಣದ ಮಾತು ಕೇಳಿಸುವ ಒಂದು ಪರದೆ. ಅಲ್ಲಿ ಆಡಿದ ಮಾತು ಸಭಾಂಗಣಕ್ಕೆ ತಲುಪುವುದು ಆ ಮೈಕಿನ ಮೂಲಕ ಮಾತ್ರ. ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ ಹೋಗದಂತೆ ಗೋಡೆಗೂ ಬಾಗಿಲಿಗೂ ದಪ್ಪ ಸ್ಪಂಜು ಅಂಟಿಸಿದ್ದವನು ಕಿವಿಯಣ್ಣನೇ. ಮಗಳು ಸಾಕ್ಷಿ ಹೇಳಲು ಒಳಗೆ ಹೋದ ದಿನ ಅವನು ಆ ಬಾಗಿಲ ಹೊರಗಿನ ಬೆಂಚಿನ ಮೇಲೆ ಕೂತ. ತಾನೇ ಮಾಡಿದ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ನಾನು ಮೇಲೆ ಕಂಟ್ರೋಲ್ ರೂಮಿನಲ್ಲಿದ್ದೆ. ಮೊದಮೊದಲ ಪ್ರಶ್ನೆಗಳಿಗೆ ಹುಡುಗಿ ಸರಿಯಾಗಿಯೇ ಉತ್ತರಿಸಿದಳು. ಅಧ್ಯಕ್ಷರು, “ಫೋನಿನಲ್ಲಿ ನಿಮ್ಮ ಯಜಮಾನರು ಏನು ಹೇಳಿದರು?” ಎಂದು ಕೇಳಿದರು. ಅವಳು ಬಾಯಿ ತೆರೆದಳು, ಗಲ್ಲ ನಡುಗಿತು. ಮುಚ್ಚಳದೊಳಗೆ ಫೇಡರ್ ಮೆತ್ತಗೆ, ಥೇಟ್ ಕಿವಿಯಣ್ಣನ ಬೆರಳಿನ ಹಾಗೇ, ಕೆಳಗೆ ಜಾರಿತು. ಕ್ಯಾಮೆರಾ ಸಭಾಂಗಣಕ್ಕೆ ಹೊರಳಿತು. ಹೂವು ಮೂಡಿತು.

ಸ್ವಲ್ಪ ಅತ್ತು ಸುಧಾರಿಸಿಕೊಳ್ಳಲಿ ಅಂದುಕೊಂಡೆ. ಆಮೇಲೆ, ಲೆನ್ಸ್ ಒರೆಸಿದೆನೋ ಇಲ್ಲವೋ ನೋಡಲು ನನಗೆಂದೇ ಬಿಟ್ಟಿದ್ದ ಅಂಗೈಯಷ್ಟು ಅಗಲದ ಪರದೆಯ ಮೇಲೆ ಕಣ್ಣು ಹೋಯಿತು. ಅದರಲ್ಲಿ ಅವಳ ಮುಖ ಇನ್ನೂ ಇತ್ತು. ತುಟಿ ಆಡುತ್ತಿತ್ತು! ಅಳುತ್ತಲೇ ಹೇಳುತ್ತಿದ್ದಾಳೆ, ನಿಲ್ಲಿಸದೆ ಹೇಳುತ್ತಿದ್ದಾಳೆ, ಫೇಡರ್ ಮಾತ್ರ ಕೆಳಗೇ ಬಿದ್ದಿದೆ. ಮುಚ್ಚಳವನ್ನು ಗುದ್ದಿದೆ. ಯಂತ್ರದ ಕೆಲಸವನ್ನು ನಮ್ಮ ಕೈಗೆ ತೆಗೆದುಕೊಳ್ಳಲು ಒಂದು ಗುಂಡಿ ಇತ್ತು, ಒತ್ತಿದೆ. “ನಿಮ್ಮ ಕೋರಿಕೆಯನ್ನು ಸ್ವೀಕರಿಸಲಾಗಿದೆ” ಎಂದು ಬಂತು. ಸಭಾಂಗಣದ ಜವಾನನಿಗೆ ಫೋನ್ ಮಾಡಿದೆ.

“ಎಲ್ಲಾ ಸರಿಯಾಗೇ ಇದೆಯಲ್ಲಮ್ಮಾ ಇಲ್ಲಿ,” ಅಂದ ಅವನು. “ಆ ಹೆಣ್ಣುಮಗಳು ಪಾಪ ಅಳ್ತಿದೆ ಅಂತ ಸಾಹೇಬ್ರು ಕಾಯ್ತಿದಾರೆ.”

“ಅಳ್ತಿಲ್ಲ ಕಣೋ, ಹೇಳ್ತಿದಾಳೆ! ಹೋಗಿ ಹೇಳು ಅವರಿಗೆ!”

ಅವನು ವೇದಿಕೆಯ ಮೆಟ್ಟಿಲು ಹತ್ತುವುದರೊಳಗೆ ಅಧ್ಯಕ್ಷರು ಗುಮಾಸ್ತನಿಗೆ ತಲೆಯಾಡಿಸಿ, “ಸಾಕ್ಷಿಗೆ ಇನ್ನೂ ನೋವು ಕೊಡುವುದು ಬೇಡ” ಎಂದು ಮುಗಿಸಿಬಿಟ್ಟಿದ್ದರು. ಅವರು ಕೆಟ್ಟವರೆಂದು ನಾನು ಹೇಳಲಾರೆ. ಆ ದಿನ ಎಲ್ಲರೂ ಒಳ್ಳೆಯವರೇ ಆಗಿದ್ದರು, ಹಾಳಾದ್ದು ಅದೇ.

ನಾನು ಮೆಟ್ಟಿಲಿಳಿದು ಓಡಿ ಬರುವಾಗ ಹುಡುಗಿ ಕೋಣೆಯಿಂದ ಹೊರಗೆ ಬರುತ್ತಿದ್ದಳು. ಮುಖವೆಲ್ಲ ಒದ್ದೆ. ಆದರೂ ಗಂಡ ಹೋದ ಮೇಲೆ ಮೊದಲ ಬಾರಿಗೆ ಅವಳ ಭುಜಗಳು ಸಡಿಲವಾಗಿದ್ದವು.

“ಹೇಳ್ಬಿಟ್ಟೆ ಚಿಕ್ಕಮ್ಮಾ,” ಅಂದಳು. “ಅಳು ತಡಿಯೋಕಾಗ್ಲಿಲ್ಲ, ಆದ್ರೂ ಒಂದೂ ಬಿಡದೆ ಹೇಳ್ದೆ. ಸಾಹೇಬ್ರು ತಲೆ ಆಡಿಸಿದ್ರು. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು.”

ಅವಳಿಗೆ ನಾನು ಹೇಳಬೇಕಾಗಿ ಬಂದದ್ದನ್ನು ನನ್ನ ಶತ್ರುವಿಗೂ ಹೇಳುವ ಗತಿ ಬಾರದಿರಲಿ.

“ನಿನ್ ಮಾತು ಮೇಲೆ ಬರ್ಲಿಲ್ಲ ಕಣೇ.”

ಅವಳಿಗೆ ಅರ್ಥವಾಗಲಿಲ್ಲ. ಕಿವಿಯಣ್ಣನಿಗೆ ಆಯಿತು. ಅವನು ಬೆಂಚಿನಿಂದ ಅರ್ಧ ಎದ್ದವನು ಹಾಗೇ ನಿಂತ.

“ಇಳಿಸ್ತಾ?”

“ಇಳಿಸ್ತು.”

“ಮತ್ತೆ ಏರಿಸ್ಲೇ ಇಲ್ವಾ?”

“ಇಲ್ಲಣ್ಣ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಿದ ಮಾತು ಯಾರ ಕಿವಿಗೂ ಬೀಳದೆ ಹೋದರೆ ಅದಕ್ಕೆ ಗಾದೆ ಯಾರೂ ಮಾಡಿಟ್ಟಿಲ್ಲ. ನಮ್ಮ ಕಾಲದಲ್ಲಾದರೆ ಪ್ರತಿ ಮೈಕಿನ ದನಿಯೂ ತಿದ್ದುಪಡಿಯಿಲ್ಲದೆ ಬೇರೆ ಟೇಪಿನಲ್ಲಿ ಇರುತ್ತಿತ್ತು. ಯಂತ್ರ ತಾನು ಶುಚಿ ಮಾಡಿದ್ದನ್ನಷ್ಟೇ ಇಟ್ಟುಕೊಳ್ಳುತ್ತದೆ, ಉಳಿದದ್ದು ಕಸ. ನಾನು ಟೈಯಪ್ಪನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡ.

“ಮೇಡಂ, ಅದು ತಾನಾಗಿ ಏನೂ ಮಾಡಲ್ಲ,” ಅಂದ. “ಕಲಿತಿದ್ದೆಲ್ಲ ನಿಮ್ಮಿಬ್ಬರಿಂದಾನೇ. ಅಳು ಬಂದ ಕಡೆಯೆಲ್ಲ ಹೆಚ್ಚುಕಮ್ಮಿ ನೀವು ಇಳಿಸಿದೀರ. ಎಲ್ಲೋ ಒಂದೊಂದು ಕಡೆ ಇಳಿಸಿಲ್ಲ. ಅದನ್ನ ಕೈತಪ್ಪು ಅಂತ ತಗೊಂಡಿದೆ.”

ಕಿವಿಯಣ್ಣನ ಇಡೀ ವಿದ್ಯೆ ಇದ್ದದ್ದೇ ಆ ಒಂದೊಂದು ಕಡೆಯಲ್ಲಿ. ಅದನ್ನು ಕೈತಪ್ಪು ಅಂದುಬಿಟ್ಟನಲ್ಲ! ನಾವು ಮಾಡುತ್ತಿದ್ದದ್ದು ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ಊರಿಗೆಲ್ಲ ಕೇಳಿಸುವಂತೆ ಅಳುವುದು ಯಾರಿಗೆ ಬೇಕಾಗಿದೆ? ಆದರೆ ಮರ್ಯಾದೆಯನ್ನು ಕಲಿತು ಅದರ ಹಿಂದಿನ ಎಚ್ಚರವನ್ನು ಕಲಿಯದಿದ್ದರೆ ಅದು ಮರ್ಯಾದೆಯಲ್ಲ, ಬಾಯಿಗೆ ಬಟ್ಟೆ ತುರುಕುವುದು.

ಅರ್ಜಿ ಹಾಕಿದೆವು. ಸಾಕ್ಷಿಯನ್ನು ಇನ್ನೊಮ್ಮೆ ಕರೆಯಲು ಅಧ್ಯಕ್ಷರು ಒಪ್ಪಿದರು. ಸಭಾಂಗಣದಲ್ಲಿ ನಿಂತೇ ಹೇಳುತ್ತಾಳೆ, ಇಲ್ಲವೇ ಆ ಹೂವಿನ ಏರ್ಪಾಟನ್ನಾದರೂ ನಿಲ್ಲಿಸಿ ಎಂದು ಕೇಳಿದ್ದಕ್ಕೆ ಮಾತ್ರ ಒಪ್ಪಲಿಲ್ಲ. ಒಂದೇ ವಿಚಾರಣೆಯಲ್ಲಿ ಒಬ್ಬ ಸಾಕ್ಷಿಗೊಂದು ಇನ್ನೊಬ್ಬರಿಗೊಂದು ವ್ಯವಸ್ಥೆ ಮಾಡಿದರೆ ಎದುರು ಪಕ್ಷದವರು ತಕರಾರು ತೆಗೆಯುತ್ತಾರಂತೆ. ಎಲ್ಲರಿಗೂ ಒಂದೇ ಕೋಣೆ, ಒಂದೇ ಮೈಕು, ಒಂದೇ ನ್ಯಾಯ.

“ಹಂಗಾದ್ರೆ ಅಳದೆ ಹೇಳ್ಬೇಕು,” ಅಂದ ಕಿವಿಯಣ್ಣ.

ಅಳುವ ಮಗುವಿಗೇ ಹಾಲು ಅನ್ನುತ್ತಾರೆ. ಇಲ್ಲಿ ಅಳದಿದ್ದವರಿಗೆ ಮಾತ್ರ ಬಾಯಿ.

ಅವನು ಮನೆಯ ಊಟದ ಮೇಜಿನ ಮೇಲೆ ತನ್ನ ಹಳೆಯ ಮೈಕು ನಿಲ್ಲಿಸಿದ. ಕಿಟಕಿಗೆ ಹೊದಿಕೆ ಕಟ್ಟಿ ಬೀದಿಯ ಸದ್ದು ತಡೆದ. ಹೆಡ್‌ಫೋನ್ ಹಾಕಿಕೊಂಡು ಮಗಳ ಎದುರು ಕೂತ. ಮಧ್ಯಾಹ್ನಗಳಲ್ಲಿ ಬಿಡುವು ಸಿಕ್ಕರೆ ನಾನೂ ಹೋಗುತ್ತಿದ್ದೆ.

“ಹೇಳು ಮಗಾ.”

“ಹಿಂದಿನ ಬಾಗಿಲಿಗೆ ಹೊರಗಿಂದ...”

“ನಿಲ್ಸು. ಬಾಗಿಲು ಅನ್ನೋಕೆ ಮುಂಚೆ ಮೂಗು ಎಳೀಬೇಡ. ಅದಕ್ಕೆ ಅಷ್ಟೇ ಸಾಕು, ಮುಚ್ಬಿಡತ್ತೆ. ಇನ್ನೊಂದ್ಸಲ.”

“ಹಿಂದಿನ ಬಾಗಿಲಿಗೆ ಹೊರಗಿಂದ ಬೀಗ...”

“ಬೀಗ ಅನ್ನೋವಾಗ ನಡುಗ್ತಿದೆ. ಗಂಟಲಿಂದ ಬೇಡ, ಬಾಯಿ ಮುಂದಿಂದ ಹೇಳು. ತರಕಾರಿ ಹೆಸರು ಹೇಳಿದಂಗೆ ಹೇಳು.”

“ತರಕಾರಿ ಅಲ್ವಲ್ಲಪ್ಪಾ ಅದು.”

ಅವನು ಹೆಡ್‌ಫೋನ್ ತೆಗೆಯಲಿಲ್ಲ. ತೆಗೆದಿದ್ದರೆ ಅವನಿಗೆ ಮುಂದುವರಿಸಲು ಆಗುತ್ತಿರಲಿಲ್ಲ ಎಂದು ಕಾಣುತ್ತದೆ.

“ಗೊತ್ತು ಮಗಾ. ಇನ್ನೊಂದ್ಸಲ.”

ನನಗೆ ಒಂದು ದಿನ ತಡೆಯಲಾಗದೆ ಮೈಕಿನ ತಂತಿ ಕಿತ್ತೆ. “ಸಾಕು ಮಾಡಣ್ಣ! ಮಗೂನ ಹಿಂಗೆ ಗೋಳು ಹೊಯ್ಕೋತೀಯಲ್ಲ, ಮನುಷ್ಯನಾ ನೀನು?” ಎಂದೆ. ಅವನು ಎದ್ದು, ತಂತಿ ಎತ್ತಿಕೊಂಡು, ಮತ್ತೆ ಚುಚ್ಚಿದ. “ಸಾಕು ಅಂತ ಅದಕ್ಕೆ ಹೇಳು ತಂಗಿ. ನನಗೆ ಹೇಳಿ ಏನು ಪ್ರಯೋಜನ?” ಅಂದ. ಹುಡುಗಿಯೇ ನನ್ನ ಕೈ ಹಿಡಿದು ಕೂರಿಸಿದಳು.

ಅಳುವಿನಲ್ಲಿ ಇರುವ ಒಂದೊಂದನ್ನೇ ಅವನು ಅವಳ ದನಿಯಿಂದ ಬಿಡಿಸಿ ತೆಗೆದ. ಮೊದಲು ಮೂಗಿನ ಸದ್ದು ಹೋಯಿತು, ಆಮೇಲೆ ಉಸಿರಿನ ತಡೆ, ಆಮೇಲೆ ಮಾತಿನ ಕೊನೆಯ ಆ ಸಣ್ಣ ನಡುಕ. ಕೆಮ್ಮಿನ ಬಗ್ಗೆ ಹೇಳುವ ಕಡೆ ಮಾತ್ರ ಅವಳು ಪ್ರತಿ ಸಲ ಕುಸಿಯುತ್ತಿದ್ದಳು. ಕೊನೆಗೆ ಕೆಮ್ಮಿನ ವಿಷಯ ಹೇಳುವುದೇ ಬೇಡ ಎಂದು ಬಿಟ್ಟರು. ಗಂಡನ ಕೊನೆಯ ಸದ್ದು ಅದೇ ಆಗಿತ್ತು.

ಒಂದು ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತಲೇ ಅವಳು ಇಡೀ ಮಾತನ್ನು ಹೇಳಿ ಮುಗಿಸಿದಳು. ಬೀಗ, ಮ್ಯಾನೇಜರ್, ಸರಕು, ಎಲ್ಲ ಒಂದೇ ಮಟ್ಟದಲ್ಲಿ ಬಂತು. ಒಣಗಿದ ಸೀರೆಯ ಹಾಗೆ ಎಲ್ಲೂ ಒಂದು ಹನಿ ತೇವವಿಲ್ಲ. “ಸರಿಯಾಯ್ತು,” ಅಂದ ಕಿವಿಯಣ್ಣ. ಹೆಡ್‌ಫೋನ್ ಮೇಜಿನ ಮೇಲಿಟ್ಟು ಬಚ್ಚಲಿಗೆ ಹೋದ. ನಲ್ಲಿ ಜೋರಾಗಿ ತಿರುಗಿಸಿದ ಸದ್ದು ಕೇಳಿಸಿತು. ನನ್ನಂಥ ಕಿವುಡಿಗೂ ಆ ನೀರಿನ ಸದ್ದಿನ ಅಡಿಯಲ್ಲಿ ಇನ್ನೇನಿದೆ ಎಂದು ಆವತ್ತು ತಿಳಿಯಿತು. ಹುಡುಗಿ ಬಟ್ಟೆ ಮಡಚುತ್ತಲೇ ಇದ್ದಳು.

ಎರಡನೇ ಸಲ ಅವಳನ್ನು ಕರೆದ ದಿನ ನಾನು ಸೆರಗಿನ ಗಂಟಿನಲ್ಲಿ ಒಂದು ಸ್ಕ್ರೂಡ್ರೈವರ್ ಕಟ್ಟಿಕೊಂಡು ಹೋದೆ. ಕೆಲಸ ಹೋದರೆ ಹೋಗಲಿ ಎಂದು ಮುಂಚೆಯೇ ಮುಚ್ಚಳದ ಮೂರು ತಿರುಪು ಬಿಚ್ಚಿ, ಒಂದನ್ನು ಸಡಿಲ ಮಾಡಿ ಇಟ್ಟಿದ್ದೆ. ಕಿವಿಯಣ್ಣ ಅದೇ ಬೆಂಚಿನ ಮೇಲೆ ಕೂತಿದ್ದ. ಮಗಳು ಒಳಗೆ ಹೋಗುವಾಗ ಅವನು, “ಬಾಯಿ ಮುಂದಿಂದ” ಅಂದದ್ದನ್ನು ಕೇಳಿಸಿಕೊಂಡು ನಾನು ಮೇಲೆ ಹತ್ತಿದೆ.

ಅಧ್ಯಕ್ಷರು ಅದೇ ಪ್ರಶ್ನೆ ಕೇಳಿದರು. ಹುಡುಗಿ ನೆಟ್ಟಗೆ ಕೂತು ಹೇಳಿದಳು. “ಹಿಂದಿನ ಬಾಗಿಲಿಗೆ ಹೊರಗಿಂದ ಬೀಗ ಹಾಕಿದಾರೆ ಅಂದ್ರು. ಮ್ಯಾನೇಜರ್‌ಗೆ ಫೋನ್ ಮಾಡ್ದೆ, ಸರಕು ಹೋಗತ್ತೆ, ತೆಗೆಯಲ್ಲ ಅಂದ, ಅಂತ ಹೇಳಿದ್ರು.” ಫೇಡರ್ ಅಲುಗಲಿಲ್ಲ. ಹಸಿರು ದೀಪಗಳು ಸಮನಾಗಿ ಬೆಳಗಿದವು. ಕ್ಯಾಮೆರಾ ಅವಳ ಮುಖವನ್ನು ತುಂಬಾ ಹತ್ತಿರದಿಂದ ಹಿಡಿದು, ಸಭಾಂಗಣದ ದೊಡ್ಡ ಪರದೆಯ ತುಂಬ ತೋರಿಸಿತು. ಯಂತ್ರಕ್ಕೆ ಅಂಥ ಸಾಕ್ಷಿ ಬಲು ಇಷ್ಟ. ಬಂತು, ದಾಖಲೆಗೆ ಬಂತು, ಇನ್ನು ಯಾರಪ್ಪನಿಂದಲೂ ಅಳಿಸಲಾಗದು ಅಂದುಕೊಂಡೆ.

ಮಾಲೀಕರ ವಕೀಲರು ಎದ್ದರು. ಸಮಾಧಾನದ ಮನುಷ್ಯ, ದನಿ ಏರಿಸಿದವರೇ ಅಲ್ಲ.

“ಹೋದ ಸಲ ಈ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ.”

“ಕೊಟ್ಟಿದ್ದೆ.”

“ದಾಖಲೆಯಲ್ಲಿ ಇಲ್ಲವಲ್ಲಮ್ಮ. ಇರಲಿ. ಇವತ್ತು ಎಷ್ಟು ಸಲೀಸಾಗಿ ಹೇಳಿದಿರಿ! ಕಟ್ಟಿಕೊಂಡ ಗಂಡನ ಕೊನೆಯ ಮಾತು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಾವೆಲ್ಲ ಪರದೆಯ ಮೇಲೆ ನೋಡುತ್ತಲೇ ಇದ್ದೇವೆ. ಗಿಳಿಪಾಠ ಒಪ್ಪಿಸಿದ ಹಾಗಿದೆ. ಇದನ್ನು ಮೊದಲೇ ಹೇಳಿ ಅಭ್ಯಾಸ ಮಾಡಿದ್ದೀರಾ?”

ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳಮ್ಮನೂ ಹಾಗೇ ಇದ್ದಳು.

“ಮಾಡಿದೀನಿ.”

“ಹೀಗೆ ಹೇಳಬೇಕು ಅಂತ ನಿಮಗೆ ಹೇಳಿಕೊಟ್ಟವರು ಯಾರು?”

“ಅಪ್ಪ.”

ಸಭಾಂಗಣದಲ್ಲಿ ಗುಜುಗುಜು ಎದ್ದಿತು. ಅಲ್ಲಿ ಕೂತಿದ್ದ, ಮಣ್ಣು ತೂರಿದ್ದ ಆ ತಾಯಿ ತಲೆಯ ಮೇಲೆ ಕೈ ಹೊತ್ತಳು. ಹುಡುಗಿಗೆ ಆ ಗುಜುಗುಜು ಕೇಳಿಸಿರಬೇಕು. ಯಾಕೆ ಹೇಳಿಕೊಟ್ಟ ಅನ್ನುವುದನ್ನು ಹೇಳಲು ಅವಳು ಮುಂದಕ್ಕೆ ಬಾಗಿದಳು. ಅಷ್ಟು ದಿನ ಹಿಡಿದಿಟ್ಟದ್ದು ಆಗ ಕಟ್ಟೆ ಒಡೆಯಿತು.

ಫೇಡರ್ ಮೆತ್ತಗೆ ಕೆಳಗೆ ಜಾರಿತು. ಕ್ಯಾಮೆರಾ ಹೊರಳಿತು. ಹೂವು ಮೂಡಿತು.

ನಾನು ಮುಚ್ಚಳ ಕಿತ್ತೆಸೆದು ಫೇಡರನ್ನು ಎರಡೂ ಹೆಬ್ಬೆರಳಿಂದ ಮೇಲಕ್ಕೆ ನೂಕಿದೆ. ನೂಕಿದಷ್ಟೂ ಸುಮ್ಮನೆ ಮೇಲೆ ಬಂತು, ಸದ್ದಿಲ್ಲ. ಬಗ್ಗಿ ಮಿಕ್ಸರಿನ ಹಿಂದೆ ನೋಡಿದೆ. ಅದಕ್ಕೆ ಸಿಕ್ಕಿಸಿದ್ದ ದನಿಯ ತಂತಿಗಳನ್ನೆಲ್ಲ ಎಂದೋ ಕಿತ್ತಿದ್ದರು. ಫೇಡರುಗಳು ಏರಿ ಇಳಿಯುತ್ತಿದ್ದದ್ದು ಬರೀ ನೋಟಕ್ಕೆ, ನಮ್ಮಂಥ ಹಳಬರ ಸಮಾಧಾನಕ್ಕೆ ಬಿಟ್ಟಿದ್ದ ಆಟ. ಅಂಗೈಯಗಲದ ಪರದೆಯಲ್ಲಿ ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮಾತಾಡುತ್ತಿದ್ದಳು. ಅಷ್ಟು ನಿಜವಾದ ಮುಖವನ್ನು ನನ್ನ ಇಡೀ ಕೆಲಸದ ಕಾಲದಲ್ಲಿ ನಾನು ಯಾವ ಕ್ಯಾಮೆರಾದಲ್ಲೂ ಕಂಡಿರಲಿಲ್ಲ. ಕಂಡವಳು ನಾನೊಬ್ಬಳೇ.

ಅಧ್ಯಕ್ಷರು ಗಾಜಿನ ಲೋಟದಿಂದ ನೀರು ಕುಡಿದರು, ಕಾದರು, ವಕೀಲರ ಕಡೆ ನೋಡಿದರು. ವಕೀಲರು ತಮ್ಮ ಪ್ರಶ್ನೆ ಮುಗಿಯಿತು ಎಂದು ಕೈಮುಗಿದು ಕೂತರು. “ಸಾಕ್ಷಿ ಮುಂದೆ ಏನೂ ಹೇಳಲಿಲ್ಲ ಎಂದು ದಾಖಲಿಸಿ,” ಎಂದರು ಅಧ್ಯಕ್ಷರು.

ನಾನು ಈ ಸಲ ಓಡಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಕೋಣೆಯ ದಪ್ಪ ಬಾಗಿಲು ತೆರೆದುಕೊಂಡಿತು. ಹುಡುಗಿ ಹೊರಗೆ ಬಂದು ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತಳು. ಮುಖ ಒರೆಸಿಕೊಳ್ಳಲಿಲ್ಲ. ಕಿವಿಯಣ್ಣ ಅವಳ ಉಸಿರನ್ನೇ ಆಲಿಸುತ್ತಿದ್ದ, ಅವನಿಗೆ ಯಾರೂ ಬೇರೇನೂ ಹೇಳಬೇಕಾಗಿರಲಿಲ್ಲ.

“ಕೊನೇಲಿ ತಡಿಯೋಕಾಗ್ಲಿಲ್ಲಪ್ಪಾ,” ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ಚಿಕ್ಕಮ್ಮಾ, ನೀನು ಅಪ್ಪಂಗೆ ಹೇಳ್ಬಿಡು. ಎಲ್ಲಿವರೆಗೆ ಕೇಳಿಸ್ತು?”

ಅವನೂ ತಲೆಯೆತ್ತಿ ನನ್ನನ್ನು ನೋಡಿದ.

“ಹೇಳ್ಕೊಟ್ಟೋರು ಯಾರು ಅಂದಾಗ ‘ಅಪ್ಪ’ ಅಂದ್ಯಲ್ಲ, ಅಲ್ಲೀವರೆಗೆ,” ಅಂದೆ.

ಕಿವಿಯಣ್ಣ ಎದ್ದು ಮಗಳ ಚೀಲವನ್ನು ಕೈಗೆ ತೆಗೆದುಕೊಂಡ.